ಗಂಜಿ ಕೊಟ್ಟವರ ಲೆಕ್ಕ

ಶಿವಮೊಗ್ಗ ಜಿಲ್ಲೆಯಲ್ಲಿ ಅಂಬ್ಲಿಗೊಳ ಅಂದರೆ ಜನಕ್ಕೆ ಮೊದಲು ನೆನಪಾಗೋದು ಜಲಾಶಯ. ಮಳೆ ಜೋರಾದರೆ ಕೋಡಿ ಬಿತ್ತಾ, ನೀರು ಎಷ್ಟು ಬಂತು ಅಂತ ಶಿಕಾರಿಪುರ, ಸೊರಬದ ಕಡೆಯ ರೈತರು ವಿಚಾರಿಸುತ್ತಾರೆ. ನಮ್ಮ ಸುದ್ದಿಮನೆಗೂ ಆ ಊರಿನಿಂದ ಬರೋದು ಹೆಚ್ಚಾಗಿ ಅದೇ ಸುದ್ದಿ. ನಾನು ಅಲ್ಲಿಗೆ ಹೋಗಿದ್ದೂ ಅಂಥದ್ದೇ ಕೆಲಸಕ್ಕೆ. ವಾಪಸ್ ಬರುವಾಗ ರಸ್ತೆ ಬದಿಯ ಒಂದು ಹೆಂಚಿನ ಹೋಟೆಲಲ್ಲಿ ಚಹಾಕ್ಕೆ ನಿಂತೆ.

ಟೀವಿಯವನು ಅಂತ ಗುರುತು ಹಿಡಿದ ಒಬ್ಬ ಯುವಕ ಹತ್ತಿರ ಬಂದ. "ಸಾರ್, ಮತಾಂತರದ ಬಗ್ಗೆ ನಿಮ್ಮ ಚರ್ಚೆ ನೋಡಿದೆ. ಸರಿಯಾಗೇ ಕೇಳಿದ್ರಿ. ಈ ಕ್ರಿಶ್ಚಿಯನ್ನರು ಸುಮ್ನೆ ಏನೂ ಕೊಡಲ್ಲ ಸಾರ್. ಅಕ್ಕಿ ಕೊಟ್ಟರೂ, ಮಾತ್ರೆ ಕೊಟ್ಟರೂ ಅದರ ಹಿಂದೆ ಲೆಕ್ಕ ಇರ್ತದೆ" ಅಂದ. ಬೆಂಚಿನ ಆ ತುದಿಯಲ್ಲಿ ಬೀಡಿ ಸೇದುತ್ತಿದ್ದ ಒಬ್ಬ ಹಿರಿಯರು ತಲೆ ಎತ್ತಿದರು. "ತಮ್ಮಾ, ನನ್ನ ಹೆಂಡ್ತಿ ಆಸ್ಪತ್ರೇಲಿ ಮಲಗಿದ್ದಾಗ ಸಿಸ್ಟರು ಅವಳ ಹೆಸರು ಕೇಳಿದ್ರು, ದೇವರ ಹೆಸರು ಕೇಳಲಿಲ್ಲ" ಅಂದವರೇ ಮತ್ತೆ ಬೀಡಿಗೆ ಬಾಯಿ ಕೊಟ್ಟರು.

ಇಬ್ಬರೂ ನನ್ನ ಮುಖ ನೋಡಿದರು. ಏನಾದರೂ ತೀರ್ಪು ಕೊಡ್ತಾನೆ ಅನ್ನೋ ಹಾಗೆ. ಸ್ಟುಡಿಯೋದಲ್ಲಿ ಆಗಿದ್ದರೆ ಕೊಟ್ಟೇಬಿಡುತ್ತಿದ್ದೆ. 'ಆಮಿಷ' ಅನ್ನೋ ಪದವನ್ನು ಒಂದೇ ರಾತ್ರಿಯಲ್ಲಿ ಎಷ್ಟು ಸಲ ಹೇಳಿದ್ದೇನೋ, ಎಣಿಸಿದವರಿಲ್ಲ. ಆದರೆ ಆ ಬೆಂಚಿನ ಮೇಲೆ ಕೂತಾಗ ನನಗೆ ಒಂದು ವಿಷಯ ಚುಚ್ಚಿತು. ಕ್ರೈಸ್ತರು ಈ ನಾಡಿನ ಬಡವರಿಗೆ, ರೋಗಿಗಳಿಗೆ ಏನು ಕೊಟ್ಟರು, ಯಾಕೆ ಕೊಟ್ಟರು, ಪ್ರತಿಯಾಗಿ ಏನು ಕೇಳಿದರು ಅಂತ ನಾನು ಯಾವತ್ತಾದರೂ ಕೂತು ಓದಿದ್ದೇನಾ? ಇಲ್ಲ. ಚರ್ಚೆ ಮಾಡಿದ್ದೇನೆ, ಓದಿಲ್ಲ. ಆಮೇಲೆ ಓದಿದೆ. ಓದಿದ್ದನ್ನು ಇವತ್ತು ನಿಮ್ಮ ಮುಂದೆ ಇಡ್ತೇನೆ.

ಮೊದಲು ಅಂಬ್ಲಿಗೊಳದ ನೆರೆಯಿಂದಲೇ ಶುರು ಮಾಡೋಣ. ಇದೇ ಶಿಕಾರಿಪುರ ತಾಲೂಕಿನಲ್ಲಿ ಬಳ್ಳಿಗಾವಿ ಇದೆ. ಅಲ್ಲಿನ ಕೋಡಿಯಮಠದ ಬಗ್ಗೆ 1162ರ ಒಂದು ಶಾಸನ ಇದೆ, ಬಿಜ್ಜಳನ ಕಾಲದ್ದು. ಅದು ಮಠದ ವೈಭವವನ್ನಷ್ಟೇ ಹೊಗಳಿ ಸುಮ್ಮನಾಗೋದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇಲ್ಲಿ ಉಣ್ಣುತ್ತಾರೆ ಅನ್ನುತ್ತದೆ. ನಾನಾ ಪಂಥದ ಸನ್ಯಾಸಿಗಳಿಗೂ ಇಲ್ಲಿ ಊಟ ಅನ್ನುತ್ತದೆ. ಕಾಯಿಲೆಯವರಿಗೆ ಔಷಧ ಕೊಡುವ ಜಾಗ, ಎಲ್ಲ ಜೀವಿಗಳಿಗೂ ಅಭಯ ಕೊಡುವ ಜಾಗ ಅನ್ನುತ್ತದೆ. ಅಕ್ಕಮಹಾದೇವಿ ಹುಟ್ಟಿದ ಉಡುತಡಿಯೂ ಇದೇ ತಾಲೂಕು. ಅಲ್ಲಮ ಓಡಾಡಿದ್ದೂ ಇದೇ ನೆಲ. ದಾಸೋಹ ಅನ್ನೋದನ್ನು ಇಲ್ಲಿನವರಿಗೆ ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ.

ಇದನ್ನು ಯಾಕೆ ಮೊದಲೇ ಹೇಳಿದೆ ಗೊತ್ತಾ? ಮಿಷನರಿಗಳು ಬರೋವರೆಗೆ ಇಲ್ಲಿ ಕರುಣೆಯೇ ಇರಲಿಲ್ಲ ಅನ್ನೋ ಒಂದು ವಾದ ಇದೆ. ಅದು ಸುಳ್ಳು. ಹಾಗಂತ ಕಥೆ ಇಲ್ಲಿಗೇ ಮುಗಿಯೋದಿಲ್ಲ. ಬಳ್ಳಿಗಾವಿಯ ಶಾಸನವನ್ನು ಓದಿ, ಅಚ್ಚು ಹಾಕಿಸಿ, ನಮ್ಮ ಕೈಗೆ ಸಿಗೋ ಹಾಗೆ ಮಾಡಿದವರು ಯಾರು? ಬಿ. ಎಲ್. ರೈಸ್. ಶಿಕಾರಿಪುರ ತಾಲೂಕಿನ ಶಾಸನಗಳಿರುವ 'ಎಪಿಗ್ರಾಫಿಯಾ ಕರ್ನಾಟಿಕಾ' ಏಳನೇ ಸಂಪುಟ ಬಂದದ್ದು 1902ರಲ್ಲಿ. ಸೊರಬದ ಶಾಸನಗಳು ಎಂಟನೇ ಸಂಪುಟದಲ್ಲಿ, 1904ರಲ್ಲಿ. ಈ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ರೈಸ್. ಪಾದ್ರಿಯ ಮಗ ನಮ್ಮ ಮಠದ ದಾಸೋಹದ ದಾಖಲೆ ಉಳಿಸಿಕೊಟ್ಟ. ಯಾರು ಯಾರಿಗೆ ಕೊಟ್ಟರು ಅನ್ನೋ ಲೆಕ್ಕ ನೋಡಿ, ಶುರುವಿನಲ್ಲೇ ಗೋಜಲಾಯಿತು!

ಇನ್ನೊಂದು ಗೋಜಲು ಕೇಳಿ. ಅಂಬ್ಲಿಗೊಳದಿಂದ ಪಶ್ಚಿಮಕ್ಕೆ ಹೋದರೆ ಸಾಗರ, ಅದರ ಪಕ್ಕ ಇಕ್ಕೇರಿ, ಕೆಳದಿ. ಕರಾವಳಿ ಆ ಕೆಳದಿ ಅರಸರ ಕೈಯಲ್ಲಿದ್ದ ಕಾಲದಲ್ಲಿ ಗೋವೆಯಿಂದ ಕ್ರೈಸ್ತ ಕುಟುಂಬಗಳು ವಲಸೆ ಬಂದವು. ಅವರಿಗೆ ಉಳೋಕೆ ನೆಲ ಸಿಕ್ಕಿದ್ದು, ಚರ್ಚು ಕಟ್ಟೋಕೆ ಅಪ್ಪಣೆ ಸಿಕ್ಕಿದ್ದು ಈ ಲಿಂಗಾಯತ ಅರಸರ ರಾಜ್ಯದಲ್ಲಿ. ಕೆಳದಿ ಚೆನ್ನಮ್ಮನ ಆಳ್ವಿಕೆಯಲ್ಲಿ, 1681ರಿಂದ 1684ರವರೆಗೆ, ಜೋಸೆಫ್ ವಾಜ್ ಎಂಬ ಗೋವೆಯ ಪಾದ್ರಿ ಈ ಕರಾವಳಿಯಲ್ಲಿ ಬರಿಗಾಲಲ್ಲಿ ಸುತ್ತಿದರು. ಅದೇ ವಾಜ್ ಮುಂದೆ ಸಿಂಹಳಕ್ಕೆ ಹೋದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಜನ ಊರು ಬಿಟ್ಟು ಓಡಿದಾಗ, ಕಾಡಿಗೆ ಬಿಸಾಡಿದ್ದ ರೋಗಿಗಳ ಆರೈಕೆಗೆ ನಿಂತರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೋಗೆ ಬಂದು ಅವರನ್ನು ಸಂತ ಅಂತ ಘೋಷಿಸಿದರು. ಆ ಸಂತರಿಗೆ ಮೊದಲು ಆಸರೆ ಕೊಟ್ಟ ಸೀಮೆಗಳಲ್ಲಿ ನಮ್ಮ ಕೆಳದಿ ಸೀಮೆಯೂ ಒಂದು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಾರದಾ?

ಸಿಡುಬಿನ ಮಾತು ಬಂತು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹರಡಿದವರಲ್ಲಿ ಒಬ್ಬ ಫ್ರೆಂಚ್ ಪಾದ್ರಿ ಇದ್ದರು, ಅಬ್ಬೆ ದುಬುವಾ. ಭಾರತಕ್ಕೆ ಬಂದದ್ದು 1792ರಲ್ಲಿ. ಶ್ರೀರಂಗಪಟ್ಟಣ ಬಿದ್ದ ಮೇಲೆ, 1799ರ ನಂತರ, ಮೈಸೂರು ಸೀಮೆಗೆ ಬಂದರು. ನಮ್ಮವರ ಹಾಗೇ ಉಡುಪು, ನಮ್ಮವರ ಹಾಗೇ ಊಟ. ಹಾಸನದ ಬಳಿ ನಿರ್ಗತಿಕರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಜೆನ್ನರ್ ಕಂಡುಹಿಡಿದ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಅದಾದ ಒಂದೆರಡು ವರ್ಷಕ್ಕೇ ಈ ಪಾದ್ರಿ ಹಳ್ಳಿಗಳಲ್ಲಿ ಜನರನ್ನು ಒಪ್ಪಿಸಿ ಲಸಿಕೆ ಹಾಕಿಸುತ್ತಿದ್ದರು. ಸಿಡುಬು ಅಂದರೆ ಅಮ್ಮ ಬಂದಳು ಅಂತ ಕೈಮುಗಿಯುತ್ತಿದ್ದ ಕಾಲ ಅದು. ಹಸುವಿನ ರೋಗದ ರಸವನ್ನು ಮಗುವಿನ ತೋಳಿಗೆ ಚುಚ್ಚಿಸ್ತೀನಿ ಅಂದರೆ ಯಾರು ಒಪ್ಪುತ್ತಾರೆ, ಹೇಳಿ? ಒಪ್ಪಿಸಿದರು.

ಈಗ ಮುಖ್ಯ ವಿಷಯ. ಈ ದುಬುವಾ 31 ವರ್ಷ ಇಲ್ಲಿದ್ದು 1823ರಲ್ಲಿ ಫ್ರಾನ್ಸಿಗೆ ವಾಪಸ್ ಹೋದರು. ಅದೇ ವರ್ಷ ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿ ಕುರಿತು ಅವರ ಪತ್ರಗಳು ಪುಸ್ತಕವಾಗಿ ಬಂದವು. ಅದರಲ್ಲಿ ಅವರ ತೀರ್ಮಾನ ಏನು? ಹಿಂದೂಗಳನ್ನು ಮತಾಂತರ ಮಾಡೋದು ಆಗದ ಮಾತು, ತನ್ನ ಆ ಕೆಲಸ ಸೋತಿತು ಅಂತ. ಇಂಗ್ಲೆಂಡಿನ ಪಾದ್ರಿಗಳು ಸಿಟ್ಟಾಗಿ ಉತ್ತರ ಬರೆದರು, ಅದಿರಲಿ. ನೀವು ಒಂದು ನಿಮಿಷ ಯೋಚನೆ ಮಾಡಿ. ಮತಾಂತರ ಸೋತಿತು, ಲಸಿಕೆ ಗೆದ್ದಿತು. ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಬಹುಪಾಲು ತಮ್ಮ ದೇವರನ್ನು ಬಿಡಲಿಲ್ಲ, ಆದರೆ ಬದುಕಿದರು.

ಈಗ ಅಂಬಲಿಯ ಕಥೆಗೆ ಬರೋಣ. ಅಂಬ್ಲಿಗೊಳ ಅನ್ನೋ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಅಂಬಲಿಯೇ ಕೇಳಿಸುತ್ತದೆ. ಅಂಬಲಿಗೂ ಗತಿಯಿಲ್ಲದ ಒಂದು ಕಾಲವನ್ನು ಈ ರಾಜ್ಯ ಕಂಡಿದೆ. ಹಿರಿಯರು ಅದಕ್ಕೆ 'ಧಾತು ಈಶ್ವರ ಬರ' ಅನ್ನುತ್ತಿದ್ದರು. ಧಾತು ಸಂವತ್ಸರ, ಈಶ್ವರ ಸಂವತ್ಸರ, ಅಂದರೆ 1876ರಿಂದ 1878. ಮಲೆನಾಡಿಗೆ ಪೆಟ್ಟು ಕಡಿಮೆ. ಕೋಲಾರ, ತುಮಕೂರು, ಬೆಂಗಳೂರು, ಬಳ್ಳಾರಿಯಂಥ ಬಯಲುಸೀಮೆ ಸುಟ್ಟುಹೋಯಿತು. 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 50 ಲಕ್ಷದ ಮೇಲಿತ್ತು. 1881ರಲ್ಲಿ ಎಣಿಸಿದಾಗ 42 ಲಕ್ಷಕ್ಕೂ ಸ್ವಲ್ಪ ಕಡಿಮೆ! ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಜನ ಎಂಟು ಲಕ್ಷಕ್ಕೂ ಮಿಕ್ಕಿ ಕಡಿಮೆಯಾದರು. ಬೆಂಗಳೂರಿನ ಬೀದಿಗಳಲ್ಲಿ ಹಳ್ಳಿಯವರು ಬಿದ್ದು ಸತ್ತರು.

ಸರ್ಕಾರ ಏನು ಮಾಡುತ್ತಿತ್ತು? 1877ರ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಿಟ್ಟನ್ ದರ್ಬಾರು ನಡೆಸುತ್ತಿದ್ದ. ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಅಂತ ಸಾರುವ ಜಾತ್ರೆ ಅದು. ಸರ್ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ ಮದ್ರಾಸ್ ಪ್ರಾಂತ್ಯಕ್ಕೆ ಬಂದು, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಾಣೆ ಸಾಕು ಅಂತ ಕೂಲಿ ಕಡಿತ ಮಾಡಿಸಿದ. ಒಂದು ಪೌಂಡ್ ಅಂದರೆ ಅರ್ಧ ಕೆ.ಜಿ.ಗಿಂತ ಕಡಿಮೆ. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್, ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕೋದಿಲ್ಲ ಅಂತ ಜಗಳಕ್ಕೇ ನಿಂತರು. ಇಬ್ಬರೂ ಒಂದೇ ಸರ್ಕಾರದವರು, ಇಬ್ಬರೂ ಹೆಸರಿಗೆ ಕ್ರೈಸ್ತರೇ. ಹಾಗಾಗಿ ಕ್ರೈಸ್ತರೆಲ್ಲ ಕರುಣಾಮಯಿಗಳು ಅಂತ ನಾನು ಹೇಳುತ್ತಿಲ್ಲ.

ಆ ಬರದಲ್ಲಿ ಇನ್ನೊಂದು ಬಗೆಯ ಜನರೂ ಇದ್ದರು. ಮದ್ರಾಸಿನ ಗವರ್ನರ್ ಮನವಿಗೆ ಓಗೊಟ್ಟು ಲಂಡನ್ನಿನ ಮ್ಯಾನ್ಷನ್ ಹೌಸಿನಲ್ಲಿ ಒಂದು ನಿಧಿ ತೆರೆದರು. ಇಂಗ್ಲೆಂಡಿನ ಶ್ರೀಮಂತರು ಮಾತ್ರವಲ್ಲ, ಸಾಮಾನ್ಯರೂ ಅದಕ್ಕೆ ಕಾಸು ಹಾಕಿದರು. ಆ ದುಡ್ಡು ಇಲ್ಲಿ ಹಂಚಿಕೆಯಾದದ್ದು ಊರೂರಿನ ಸಮಿತಿಗಳ ಮೂಲಕ. ಅವುಗಳಲ್ಲಿ ಮಿಷನರಿಗಳಿದ್ದರು, ನಮ್ಮ ದೇಸಿ ಅಧಿಕಾರಿಗಳೂ ಇದ್ದರು. ಬರೀ ಗಂಜಿಯಲ್ಲ, ಬಿತ್ತನೆ ಬೀಜ, ಉಳುವ ಎತ್ತು, ಬಿದ್ದ ಗುಡಿಸಲಿಗೆ ಹೊದಿಕೆ ಇಂಥದ್ದಕ್ಕೂ ಕೊಟ್ಟರು. ಗಂಜಿ ಕೇಂದ್ರದಲ್ಲಿ ಬೇಯಿಸಿದ್ದನ್ನು ಉಂಡರೆ ಜಾತಿ ಕೆಡುತ್ತದೆ ಅಂತ ಹಸಿದೇ ಕೂತವರು ಬೇಕಾದಷ್ಟು ಮಂದಿ. ಅಂಥವರಿಗೆ ಮನೆಗೇ ಬೀಜ, ಕಾಳು ಮುಟ್ಟಿಸಿದರೆ ಮಾನವೂ ಉಳಿಯಿತು, ಜೀವವೂ ಉಳಿಯಿತು.

ಇನ್ನು ಅನಾಥ ಮಕ್ಕಳು. ಅಪ್ಪ ಅಮ್ಮ ಇಬ್ಬರೂ ಸತ್ತ, ಊರು ಯಾವುದು ಅಂತ ಹೇಳೋಕೂ ಬಾರದ ಮಕ್ಕಳು. ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯ ನಡೆಸಿತು. ಕ್ಯಾಥೊಲಿಕ್ ಪಾದ್ರಿಗಳು ಬೆಂಗಳೂರಿನ ಸುತ್ತಮುತ್ತ ಇಂಥ ಮಕ್ಕಳನ್ನು ಸಾಕಿ, ದೊಡ್ಡವರಾದ ಮೇಲೆ ಜಮೀನು ಮಾಡಿಕೊಟ್ಟು ಊರನ್ನೇ ಕಟ್ಟಿದರು. ಹೆಸರಘಟ್ಟ ರಸ್ತೆಯ ಸಿಲುವೇಪುರ ಅಂಥದ್ದು. ಸಿಲುವೆ ಅಂದರೆ ಶಿಲುಬೆ.

ಈಗ ಆ ಯುವಕನ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬಾರದು. ಆ ಮಕ್ಕಳು ಯಾವ ಧರ್ಮದಲ್ಲಿ ಬೆಳೆದರು? ಕ್ರೈಸ್ತರಾಗಿ ಬೆಳೆದರು. ಅವರನ್ನು ಕೇಳಿದವರು ಯಾರು? ಯಾರೂ ಇಲ್ಲ. ಇದು ಇತಿಹಾಸದ ನಿಜ, ಮುಚ್ಚಿಡುವಂಥದ್ದಲ್ಲ. ಹಸಿದವನ ಒಪ್ಪಿಗೆ ಪೂರ್ತಿ ಒಪ್ಪಿಗೆಯಲ್ಲ, ಅನಾಥ ಮಗುವಿನ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಇಲ್ಲಿ ಲೆಕ್ಕ ಇತ್ತು, ಒಪ್ಪಿಕೊಳ್ಳೋಣ. ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಆ ಮಗು ರಸ್ತೆ ಬದಿಯಲ್ಲಿ ಬಿದ್ದಿದ್ದಾಗ ಎತ್ತಿಕೊಳ್ಳೋಕೆ ನಮ್ಮಲ್ಲಿ ಎಷ್ಟು ಜನ ಬಗ್ಗಿದರು? ಕೋಡಿಯಮಠದ ಶಾಸನ ಬರೆಸಿದ ನಾಡು ಇದು. 1877ರಲ್ಲಿ ಆ ಶಾಸನ ಕಲ್ಲಿನ ಮೇಲೆ ಹಾಗೇ ಇತ್ತು. ಅದರ ಮಾತನ್ನು ಆಡಿಸುವ ಕೈಗಳು ಸಾಲದೆ ಹೋದವು.

ಇನ್ನು ಗಂಜಿಯಿಂದ ನಾಡಿಗೆ ನಾಡೇ ಮತಾಂತರವಾಯಿತು ಅನ್ನೋ ವಾದ. 1881ರಲ್ಲಿ, ಆ ಮಹಾಬರ ಮುಗಿದ ಮೇಲೆ ಎಣಿಸಿದಾಗ, ಮೈಸೂರು ರಾಜ್ಯದಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇರಲಿಲ್ಲ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಅವರು ನೂರಕ್ಕೆ ಎರಡಕ್ಕಿಂತ ಕಡಿಮೆ, 1.87ರಷ್ಟು. ಮಿಷನ್ ಶಾಲೆಯಲ್ಲಿ ಓದಿದವರು, ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು ಎಷ್ಟು ಲಕ್ಷ ಇರಬಹುದು, ನೀವೇ ಅಂದಾಜು ಮಾಡಿ. ಇದೇ ಮಾತು ಓದುವ ನಿಮ್ಮಲ್ಲೂ ಎಷ್ಟೋ ಮಂದಿ ಇದ್ದೀರಿ. ನಿಮ್ಮ ದೇವರಮನೆ ಬದಲಾಯಿತಾ?

ಮತಾಂತರವಾದವರಿಗೆ ಬರೀ ಲಾಭ ಅನ್ನೋದೂ ಅರ್ಧ ಸತ್ಯ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ ಎದುರಾದ ಮೊದಲ ಕಷ್ಟವೇ ಇದು. ಕ್ರೈಸ್ತನಾದವನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು, ಗೇಣಿ ಹೋಗುತ್ತಿತ್ತು, ಕಸುಬು ಹೋಗುತ್ತಿತ್ತು. ಅಂಥವರಿಗೆ ದಿನಾ ದಾನ ಕೊಡೋದಾ? ಅವರು ದಾನ ಕೊಡಲಿಲ್ಲ, ಕೆಲಸ ಕೊಟ್ಟರು. ನೇಯ್ಗೆ ಶುರು ಮಾಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಮಲೆನಾಡಿನ ಮನೆ ಮನೆಯ ಮೇಲೂ ಕೂತ ಮಂಗಳೂರು ಹೆಂಚು ಹುಟ್ಟಿದ್ದು ಹೀಗೆ. ನಾನು ಚಹಾ ಕುಡಿದ ಹೋಟೆಲಿನ ಮಾಡೂ ಅದೇ ಹೆಂಚಿನದು. ಯುವಕನೂ ಅದರ ಕೆಳಗೇ ನಿಂತು ಮಾತಾಡುತ್ತಿದ್ದ, ಹಿರಿಯರೂ ಅದರ ಕೆಳಗೇ ಬೀಡಿ ಸೇದುತ್ತಿದ್ದರು!

ಕೊನೆಯದಾಗಿ ಒಬ್ಬರ ಕಥೆ ಹೇಳಲೇಬೇಕು. ಅಗಸ್ಟಸ್ ಮುಲ್ಲರ್. ಜರ್ಮನಿಯಲ್ಲಿ 1841ರಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದರು. ಕಾಲೇಜಿನಲ್ಲಿ ಪಾಠ ಹೇಳೋ ಕೆಲಸ. ಜೊತೆಗೆ ಒಂದು ಹೋಮಿಯೋಪತಿ ಔಷಧದ ಪೆಟ್ಟಿಗೆ ತಂದಿದ್ದರು. 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಕೂತು ಬಡವರಿಗೆ ಔಷಧ ಕೊಡೋಕೆ ಶುರು ಮಾಡಿದರು. ಅಷ್ಟೇ, ಒಂದು ಮರ, ಒಂದು ಪೆಟ್ಟಿಗೆ. ಮುಂದೆ ಅದು ಬಡವರ ಔಷಧಾಲಯವಾಯಿತು.

1890ರಲ್ಲಿ ಅವರು ಮಾಡಿದ್ದು ಇನ್ನೂ ದೊಡ್ಡದು. ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಆ ಕಾಲ ನೆನಪಿಸಿಕೊಳ್ಳಿ. ಕುಷ್ಠಕ್ಕೆ ಕಾರಣವಾದ ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡಿದ್ದ, ಆದರೆ ಔಷಧ ಇರಲಿಲ್ಲ. ಗುಣಪಡಿಸುವ ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1980ರ ದಶಕದಲ್ಲಿ. ಹವಾಯಿಯಲ್ಲಿ ಕುಷ್ಠರೋಗಿಗಳ ಜೊತೆಗೇ ಇದ್ದ ಫಾದರ್ ಡೇಮಿಯನ್ ಅದೇ ರೋಗ ತಗುಲಿ ತೀರಿಹೋಗಿ ಇನ್ನೂ ಒಂದು ವರ್ಷ ಆಗಿತ್ತು, 1889ರಲ್ಲಿ. ಅಂಥ ಹೊತ್ತಿನಲ್ಲಿ, ಮನೆಯವರೇ ಊರಾಚೆ ಬಿಟ್ಟುಬಂದವರನ್ನು ಒಳಗೆ ಕರೆದುಕೊಳ್ಳೋದು ಅಂದರೆ ಹುಡುಗಾಟ ಅಲ್ಲ. ಕುಷ್ಠರೋಗಿಯನ್ನು ಮತಾಂತರ ಮಾಡಿ ಯಾರಿಗೆ ಏನು ಲಾಭ? ಅವನಿಗೆ ಆಸ್ತಿ ಇಲ್ಲ, ಬಲ ಇಲ್ಲ, ಅವನ ಹಿಂದೆ ನಾಲ್ಕು ಜನ ಬರೋದೂ ಇಲ್ಲ. ಅಲ್ಲಿ ಲೆಕ್ಕ ಹಾಕೋಕೆ ಏನೂ ಉಳಿದಿರಲಿಲ್ಲ.

1895ರಲ್ಲಿ ಆಸ್ಪತ್ರೆ ಆಯಿತು. 1902ರಲ್ಲಿ ಮಂಗಳೂರಿಗೆ ಪ್ಲೇಗು ಬಂತು, ಪ್ಲೇಗಿನವರಿಗೂ ಆಸ್ಪತ್ರೆ ತೆರೆದರು. ಪ್ಲೇಗು ಅಂದರೆ ಹೆತ್ತವರನ್ನೂ ಬಿಟ್ಟು ಓಡುತ್ತಿದ್ದ ಕಾಲ. ಮುಲ್ಲರ್ ಓಡಲಿಲ್ಲ. 1910ರ ನವೆಂಬರ್ 1ರಂದು ತೀರಿಕೊಂಡರು. ಆ ಆಲದ ಮರದ ಜಾಗದಲ್ಲಿ ಇವತ್ತು ವೈದ್ಯಕೀಯ ಕಾಲೇಜೇ ಇದೆ. ಮಲೆನಾಡಿನಿಂದ ಘಾಟಿ ಇಳಿದು ಮಂಗಳೂರಿಗೆ ಹೋಗುವ ರೋಗಿಗಳಿಗೆ ಫಾದರ್ ಮುಲ್ಲರ್ ಅನ್ನೋದು ಒಬ್ಬ ಪಾದ್ರಿಯ ಹೆಸರು ಅಂತ ಎಷ್ಟೋ ಸಲ ಗೊತ್ತೇ ಇರೋದಿಲ್ಲ. ಅವರಿಗೆ ಅದು ಆಸ್ಪತ್ರೆಯ ಹೆಸರು. ಗದಗ-ಬೆಟಗೇರಿಯವರಿಗೆ ಜರ್ಮನ್ ಆಸ್ಪತ್ರೆ ಇದ್ದ ಹಾಗೆ, ಮೈಸೂರಿನವರಿಗೆ 1906ರ ಮಿಷನ್ ಆಸ್ಪತ್ರೆ ಇದ್ದ ಹಾಗೆ.

ಈಗ ಕಾನೂನಿನ ಮಾತು. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ತಡೆಯುವ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಬಲವಂತದ ಮತಾಂತರ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಪ್ರಚಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಆದರೆ ಆ ಕಾಯ್ದೆಯ 'ಆಮಿಷ'ದ ವಿವರಣೆಯಲ್ಲಿ ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನ ಇವೆಲ್ಲ ಇದ್ದವು. ಕ್ಯಾಮೆರಾ ಮುಂದೆ ಅದನ್ನು ಓದಿದಾಗ ನನಗೆ ಏನೂ ಅನ್ನಿಸಲಿಲ್ಲ. ಇಷ್ಟು ಇತಿಹಾಸ ಓದಿದ ಮೇಲೆ ಅನ್ನಿಸುತ್ತಿದೆ. ಹಸಿದವನಿಗೆ ಅನ್ನ, ರೋಗಿಗೆ ಔಷಧ, ಬಡ ಹುಡುಗಿಗೆ ಪಾಠ ಕೊಡುವವನನ್ನೆಲ್ಲ ಮೊದಲೇ ಕಳ್ಳನ ಹಾಗೆ ನೋಡೋಕೆ ಶುರು ಮಾಡಿದರೆ, ನಿಜವಾದ ಕಳ್ಳ ಸಿಕ್ಕಿಬೀಳೋದಿಲ್ಲ. ಕೊಡುವ ಕೈ ಮಾತ್ರ ಹಿಂದೆ ಸರಿಯುತ್ತದೆ.

ಹಾಗಾದರೆ ನಿಜವಾದ ದಾನವನ್ನು ಗುರುತಿಸೋದು ಹೇಗೆ? ನಾನು ಮೂರೇ ಪ್ರಶ್ನೆ ಕೇಳ್ತೇನೆ. ಮತ ಬದಲಿಸದವನಿಗೂ ಅದೇ ತಟ್ಟೆಯಲ್ಲಿ ಅಷ್ಟೇ ಬಡಿಸಿದರಾ? ಪ್ಲೇಗು ಬಂದಾಗ ನಿಂತರಾ, ಓಡಿದರಾ? ಬೇಡ ಅಂದವನನ್ನು ಬೇಡ ಅಂತಲೇ ಬಿಟ್ಟರಾ? ಈ ಮೂರಕ್ಕೂ ಸರಿಯಾದ ಉತ್ತರ ಬಂದರೆ ಕೊಟ್ಟವನ ಕೊರಳಲ್ಲಿ ಶಿಲುಬೆ ಇರಲಿ, ಲಿಂಗ ಇರಲಿ, ಜನಿವಾರ ಇರಲಿ, ಏನೂ ಇಲ್ಲದಿರಲಿ, ಅದು ದಾನ. ಉತ್ತರ ತಪ್ಪಾದರೆ ಅದು ವ್ಯಾಪಾರ. ಇದೇ ಪ್ರಶ್ನೆಯನ್ನು ನಮ್ಮ ಮಠಗಳಿಗೂ, ಮಸೀದಿಗಳಿಗೂ, ಚುನಾವಣೆ ಹತ್ತಿರ ಬಂದಾಗ ಸೀರೆ ಹಂಚುವ ನಾಯಕರಿಗೂ ಕೇಳಬೇಕು.

ಅಂಬ್ಲಿಗೊಳದ ಆ ಹೋಟೆಲಿನಲ್ಲಿ ನಾನು ತೀರ್ಪು ಕೊಡಲಿಲ್ಲ. ಚಹಾದ ದುಡ್ಡು ಕೊಡೋಕೆ ಹೋದರೆ ಹಿರಿಯರು ಬಿಡಲಿಲ್ಲ. "ನಮ್ಮೂರಿಗೆ ಬಂದೀರಿ, ಇರ್ಲಿ ಬಿಡಿ" ಅಂತ ತಾವೇ ಮೂರೂ ಚಹಾದ ದುಡ್ಡು ಕೊಟ್ಟರು. ನನ್ನದು, ಅವರದು, ಅವರ ಜೊತೆ ವಾದ ಮಾಡಿದ ಆ ಯುವಕನದು. ಯುವಕ ಬೇಡ ಅನ್ನಲಿಲ್ಲ.